ಮನೆ ಕೋಳಿಯ ಮೊಟ್ಟೆ ಬಸುರಿಗೆ ಆಗುತ್ತದೆಯೇ?

ಪ್ರಶ್ನೆ: ನನಗೀಗ ಐದು ತಿಂಗಳು, ಚೊಚ್ಚಲ ಬಸುರಿ. ನಮ್ಮದು ತಿಪಟೂರು ಕಡೆಯ ಹಳ್ಳಿ. ಅತ್ತೆ ಹದಿನಾಲ್ಕು ನಾಟಿ ಕೋಳಿ ಸಾಕಿದ್ದಾರೆ, ಜೊತೆಗೆ ಎರಡು ಗಿರಿರಾಜವೂ ಇವೆ. ದಿನಾ ಬೆಳಿಗ್ಗೆ ಬಿಸಿ ಹಾಲಿಗೆ ಒಂದು ಹಸಿ ಮೊಟ್ಟೆ ಒಡೆದು ಹಾಕಿ ಕೊಡುತ್ತಾರೆ. ತಮ್ಮ ನಾಲ್ಕು ಬಸುರಿನಲ್ಲೂ ಹೀಗೇ ಕುಡಿದಿದ್ದೆ ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ನನ್ನಕ್ಕ, ಮನೆ ಮೊಟ್ಟೆಯೇ ಬೇಡ, ಅಂಗಡಿಯ ಫಾರಂ ಮೊಟ್ಟೆ ತಿನ್ನು ಅನ್ನುತ್ತಾಳೆ. ಆರು ವಾರದ ಹಿಂದೆ ಕೋಳಿಗಳಿಗೆ ಶೀತವಾಗಿ ಗೊರಗೊರ ಅನ್ನುತ್ತಿದ್ದವು. ಅಂಗಡಿಯಿಂದ ತಂದ ಯಾವುದೋ ಪುಡಿಯನ್ನು ಐದು ದಿನ ನೀರಿಗೆ ಬೆರೆಸಿ ಕುಡಿಸಿದರು, ಜಂತಿನ ಔಷಧಿಯನ್ನೂ ಹಾಕಿದರು. ಆ ದಿನಗಳಲ್ಲೂ ನಾನು ಮೊಟ್ಟೆ ತಿಂದಿದ್ದೇನೆ. ಮಗುವಿಗೆ ಏನಾದರೂ ಆಗಿರುತ್ತದೆಯೇ? ಮುಂದೆ ಬಾಣಂತನದಲ್ಲಿ ತಿಂದರೆ ಎದೆಹಾಲಿನಲ್ಲಿ ಹೋಗುತ್ತದೆಯೇ?

ಉತ್ತರ: ಮೊದಲು ನಿಮ್ಮ ಮನಸ್ಸಿನ ಭಾರ ಇಳಿಸುತ್ತೇನೆ. ಆರು ವಾರದ ಹಿಂದೆ ತಿಂದ ಮೊಟ್ಟೆಗಳನ್ನು ನೆನೆದು ನಿದ್ದೆ ಕೆಡಿಸಿಕೊಳ್ಳಬೇಡಿ. ಕೋಳಿಗೆ ಕೊಟ್ಟ ಔಷಧಿಯಲ್ಲಿ ಮೊಟ್ಟೆಗೆ ಇಳಿಯುವುದು ತೀರ ಸ್ವಲ್ಪ. ಮುಂದಿನ ತಪಾಸಣೆಗೆ ಹೋದಾಗ ಆ ಪುಡಿಯ ಪೊಟ್ಟಣವನ್ನು ಡಾಕ್ಟರಿಗೆ ತೋರಿಸಿ, ಅಷ್ಟು ಸಾಕು. ಮನೆಯ ಮೊಟ್ಟೆಯನ್ನು ನೀವು ಬಿಡಬೇಕಾಗಿಲ್ಲ. ಬಿಡಬೇಕಾದದ್ದು ಹಸಿ ಮೊಟ್ಟೆ, ಅದೂ ನಾಳೆ ಬೆಳಿಗ್ಗೆಯಿಂದಲೇ. ಇನ್ನು ಕೋಳಿಗೆ ಔಷಧಿ ನಡೆಯುತ್ತಿರುವಾಗ ಮತ್ತು ಅದಾದ ಮೇಲೆ ಕೆಲವು ವಾರ ಅವುಗಳ ಮೊಟ್ಟೆ ನಿಮ್ಮ ತಟ್ಟೆಗೆ ಬರಬಾರದು.

ನಾನು ಪಶುವೈದ್ಯೆ. ಮೂವತ್ತು ವರ್ಷದ ಹತ್ತಿರ ಹಳ್ಳಿಮನೆಗಳ ಕೋಳಿ ಗೂಡುಗಳನ್ನು ನೋಡಿದ್ದೇನೆ, ಎರಡು ಬಾಣಂತನವನ್ನೂ ಕಂಡಿದ್ದೇನೆ. ಹೊಟ್ಟೆಯಲ್ಲಿರುವ ಮಗುವಿನ ಬಗ್ಗೆ ಕೊನೆಯ ಮಾತು ನಿಮ್ಮ ಹೆರಿಗೆ ಡಾಕ್ಟರದು. ಕೋಳಿಯ ಗೂಡಿನಿಂದ ನಿಮ್ಮ ತಟ್ಟೆಯವರೆಗಿನ ದಾರಿ ನನಗೆ ಗೊತ್ತು, ಅದನ್ನು ಹೇಳುತ್ತೇನೆ.

ನಿಮ್ಮ ಅತ್ತೆ ಮೊಟ್ಟೆ ತಿನ್ನಿಸಬೇಕು ಅಂತ ಹಟ ಹಿಡಿದಿರುವುದು ಸರಿಯಾಗಿಯೇ ಇದೆ. ಬಸುರಿನ ನಡುವಿನ ಮೂರು ತಿಂಗಳಲ್ಲಿ ಹೆಂಗಸಿಗೆ ದಿನಕ್ಕೆ ಸುಮಾರು 9.5 ಗ್ರಾಂ, ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ ಹೆಚ್ಚುವರಿ ಪ್ರೋಟೀನ್ ಬೇಕು, ಹಾಲೂಡಿಸುವ ಮೊದಲ ಆರು ತಿಂಗಳು 17 ಗ್ರಾಂ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕ ಹೇಳುತ್ತದೆ. ಒಂದು ಸಾಧಾರಣ ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನ್ ಇದೆ. ನಾಟಿ ಮೊಟ್ಟೆ ಗಾತ್ರದಲ್ಲಿ ಚಿಕ್ಕದು, ಅದರಲ್ಲಿ ಇನ್ನೂ ಕೊಂಚ ಕಡಿಮೆ. ಜೊತೆಗೆ ಬಿ12 ಇದೆ, ಮಗುವಿನ ಮೆದುಳು ಬೆಳೆಯಲು ಬೇಕಾದ ಕೋಲೀನ್ ಇದೆ. ಸೊಪ್ಪು, ರಾಗಿ, ಬೇಳೆಯಲ್ಲಿ ಬಿ12 ಸಿಗುವುದಿಲ್ಲ. ಕರ್ನಾಟಕದ ಅಂಗನವಾಡಿಗಳಲ್ಲಿ 2017ರಿಂದ ನಡೆಯುತ್ತಿರುವ ಮಾತೃಪೂರ್ಣ ಊಟದಲ್ಲಿ ಬಸುರಿ ಬಾಣಂತಿಯರಿಗೆ ಬೇಯಿಸಿದ ಮೊಟ್ಟೆ ಕೊಡುವುದು ಇದಕ್ಕೇ. ಮೊಟ್ಟೆ ಉಷ್ಣ, ಬಸುರಿಗೆ ಆಗಿಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಹೆದರಬೇಡಿ. ಬೇಯಿಸಿದ ಮೊಟ್ಟೆಯಿಂದ ಗರ್ಭ ಇಳಿಯುವುದಿಲ್ಲ.

ಈಗ ಆ ಹಾಲಿನ ಲೋಟದ ವಿಷಯಕ್ಕೆ ಬರೋಣ.

ಸಾಲ್ಮೊನೆಲ್ಲಾ ಎಂಬ ರೋಗಾಣು ಮೊಟ್ಟೆಗೆ ಎರಡು ದಾರಿಯಲ್ಲಿ ಸೇರುತ್ತದೆ. ಕೋಳಿಯ ಹಿಕ್ಕೆ ಚಿಪ್ಪಿಗೆ ಮೆತ್ತಿಕೊಂಡು, ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳ ಮೂಲಕ ಒಳಗಿಳಿಯುವುದು ಒಂದು. ಇನ್ನೊಂದು ದಾರಿಯನ್ನು ಬಹಳ ಜನ ನಂಬುವುದೇ ಇಲ್ಲ. ರೋಗಾಣು ಕೋಳಿಯ ಅಂಡಾಶಯದಲ್ಲೇ ನೆಲೆಸಿದ್ದರೆ ಚಿಪ್ಪು ಕಟ್ಟುವ ಮುಂಚೆಯೇ ಮೊಟ್ಟೆಯೊಳಗೆ ಸೇರಿಬಿಟ್ಟಿರುತ್ತದೆ. ಅಂಥ ಕೋಳಿ ಸೊರಗುವುದಿಲ್ಲ, ತೂಕಡಿಸುವುದಿಲ್ಲ, ಚೆನ್ನಾಗಿ ಕೆದಕಿಕೊಂಡು ಓಡಾಡುತ್ತಿರುತ್ತದೆ. ಮೊಟ್ಟೆಗೆ ವಾಸನೆ ಇರುವುದಿಲ್ಲ, ಬಣ್ಣ ಕೆಟ್ಟಿರುವುದಿಲ್ಲ. ಹಾಗಾಗಿ ‘ನಮ್ಮನೆ ಕೋಳಿ, ಕಣ್ಣೆದುರೇ ಇಟ್ಟಿದ್ದು, ಇನ್ನೂ ಬೆಚ್ಚಗಿದೆ’ ಎಂಬ ಮಾತಿನಿಂದ ಮೊಟ್ಟೆ ತಾಜಾ ಎಂದು ಗೊತ್ತಾಗುತ್ತದೆಯೇ ಹೊರತು ರೋಗಾಣು ಇಲ್ಲ ಎಂದಲ್ಲ.

ಹಾಲು ಬಿಸಿ ಇತ್ತಲ್ಲ ಅನ್ನುತ್ತೀರಿ. ಲೆಕ್ಕ ಹಾಕೋಣ. ಕುಡಿಯುವ ಹದಕ್ಕೆ ಬಂದ ಹಾಲು ಸುಮಾರು 60 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮುಕ್ಕಾಲು ಲೋಟ ಹಾಲಿಗೆ ಅಡುಗೆಮನೆಯ ಬಿಸಿಯಲ್ಲಿದ್ದ ಒಂದು ಮೊಟ್ಟೆ ಬಿದ್ದರೆ ಒಟ್ಟು ಬಿಸಿ 53ರ ಆಸುಪಾಸಿಗೆ ಇಳಿಯುತ್ತದೆ, ಆಮೇಲೆ ಕ್ಷಣಕ್ಷಣಕ್ಕೂ ಆರುತ್ತಲೇ ಹೋಗುತ್ತದೆ. ಸಾಲ್ಮೊನೆಲ್ಲಾ ಖಂಡಿತ ಸಾಯಬೇಕಾದರೆ ಮೊಟ್ಟೆಯ ನಟ್ಟನಡುವೆ 70 ಡಿಗ್ರಿ ದಾಟಬೇಕು. ಆ ಲೋಟದಲ್ಲಿ ಅದು ಆಗುವ ಮಾತೇ ಇಲ್ಲ.

ಅತ್ತೆ ನಾಲ್ಕು ಬಸುರಿನಲ್ಲೂ ಕುಡಿದು ಚೆನ್ನಾಗಿದ್ದದ್ದು ನಿಜವೇ ಇರಬಹುದು. ಎಲ್ಲ ಮೊಟ್ಟೆಯಲ್ಲೂ ರೋಗಾಣು ಇರುವುದಿಲ್ಲ, ಹೆಚ್ಚಿನವುಗಳಲ್ಲಿ ಇರುವುದೇ ಇಲ್ಲ. ಆದರೆ ಇದ್ದ ಒಂದು ಮೊಟ್ಟೆ ಬಸುರಿಯ ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂಬುದನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ. ನನ್ನ ಚಿಕ್ಕಮ್ಮನ ಮಗಳು ಏಳು ತಿಂಗಳ ಬಸುರಿಯಾಗಿದ್ದಾಗ ಒಂದು ಸಂಜೆ ಆಸೆಪಟ್ಟು ನಾಟಿ ಮೊಟ್ಟೆಯ ಹಾಫ್ ಬಾಯಿಲ್ ಮಾಡಿಸಿಕೊಂಡು ತಿಂದಳು. ಮಾರನೆಯ ಮಧ್ಯಾಹ್ನ ಹೊಟ್ಟೆ ಹಿಂಡಿದ ಹಾಗೆ ನೋವು, ಸಂಜೆಗೆ ಚಳಿಜ್ವರ, ರಾತ್ರಿಯೆಲ್ಲ ಭೇದಿ. ಬೆಳಿಗ್ಗೆ ನಾನು ಹೋಗಿ ನೋಡಿದಾಗ ಅವಳ ನಾಲಿಗೆ ಒಣಗಿ ಮರದ ತೊಗಟೆಯ ಹಾಗಾಗಿತ್ತು. ಹಿಂದಿನ ರಾತ್ರಿಯಿಂದ ಮೂತ್ರಕ್ಕೇ ಹೋಗಿರಲಿಲ್ಲ, ಹೊಟ್ಟೆ ಆಗಾಗ ಕಲ್ಲಿನ ಹಾಗೆ ಬಿಗಿಯುತ್ತಿತ್ತು. ಎರಡು ದಿನ ಡ್ರಿಪ್ ಹಾಕಿದರು. ಮಲ ಪರೀಕ್ಷೆಯಲ್ಲಿ ಸಾಲ್ಮೊನೆಲ್ಲಾ ಬಂತು. ದೇವರ ದಯೆ, ದಿನ ತುಂಬಿಯೇ ಹೆರಿಗೆಯಾಯಿತು, ಮಗು ಚೆನ್ನಾಗಿದೆ. ಸಾಮಾನ್ಯವಾಗಿ ಈ ಸೋಂಕು ನೇರವಾಗಿ ಮಗುವನ್ನು ತಲುಪುವುದಿಲ್ಲ. ತಾಯಿಯ ಜ್ವರ, ಮೈಯಲ್ಲಿ ನೀರು ಬತ್ತುವುದು, ಅದರಿಂದ ಹೊಟ್ಟೆ ಬಿಗಿಯುವುದು, ಇವೇ ಅಪಾಯ. ಅಪರೂಪಕ್ಕೆ ಸೋಂಕು ರಕ್ತಕ್ಕೆ ಏರಿದರೆ ಗರ್ಭಪಾತ, ಅವಧಿಗೆ ಮುಂಚೆ ಹೆರಿಗೆ ಆಗುವುದೂ ಉಂಟು.

ಹಸಿ ಮೊಟ್ಟೆಯಲ್ಲಿ ಶಕ್ತಿ ಜಾಸ್ತಿ ಎಂಬುದು ಸಹ ಸರಿಯಲ್ಲ. ಬೇಯಿಸಿದ ಮೊಟ್ಟೆಯ ಪ್ರೋಟೀನ್‌ನಲ್ಲಿ ನೂರಕ್ಕೆ ತೊಂಬತ್ತರಷ್ಟು ಮೈಗೆ ಹತ್ತುತ್ತದೆ, ಹಸಿಯದರಲ್ಲಿ ಐವತ್ತರಷ್ಟು ಮಾತ್ರ. ಇದನ್ನು ಬೆಲ್ಜಿಯಂನ ವೈದ್ಯರು 1998ರಲ್ಲೇ ಅಳೆದು ತೋರಿಸಿದ್ದಾರೆ. ಹಸಿ ಬಿಳಿಭಾಗದಲ್ಲಿರುವ ಅವಿಡಿನ್ ಎಂಬ ವಸ್ತು ಬಯೋಟಿನ್ ಎಂಬ ಜೀವಸತ್ವವನ್ನು ಹಿಡಿದಿಟ್ಟುಕೊಂಡು ಮೈಗೆ ಸಿಗದ ಹಾಗೆ ಮಾಡುತ್ತದೆ. ಅತ್ತೆಗೆ ಇದನ್ನೇ ಹೇಳಿ: ‘ಅತ್ತೆ, ನೀವು ಕೊಡೋ ಮೊಟ್ಟೇಲಿ ಅರ್ಧ ಸುಮ್ನೆ ಹಾಳಾಗ್ತಾ ಇದೆಯಂತೆ. ಬೇಯಿಸಿ ಕೊಡಿ, ಪೂರ್ತಿ ಮೈಗೆ ಹತ್ಲಿ.’ ಸೋಂಕಿನ ಹೆಸರೆತ್ತಿ ಹೆದರಿಸುವುದಕ್ಕಿಂತ ಈ ಮಾತನ್ನು ಹಿರಿಯರು ಬೇಗ ಒಪ್ಪುತ್ತಾರೆ. ನಮ್ಮತ್ತೆಯ ಹತ್ತಿರ ನಾನು ಹೇಳಿದ್ದೂ ಇದನ್ನೇ. ಹಾಲು ಬೇರೆ ಕುಡಿಯಿರಿ, ಬೇಯಿಸಿದ ಮೊಟ್ಟೆಗೆ ಮೆಣಸು ಉಪ್ಪು ಹಾಕಿಕೊಂಡು ಬೇರೆ ತಿನ್ನಿ.

ಬೇಯಿಸುವುದು ಅಂದರೆ ಎಷ್ಟು? ಹೊರಗಿಟ್ಟಿದ್ದ ನಾಟಿ ಮೊಟ್ಟೆಯನ್ನು ಕುದಿಯುವ ನೀರಿಗೆ ಹಾಕಿ, ನೀರು ಮತ್ತೆ ಕುದಿ ಬಂದ ಮೇಲೆ ಹತ್ತು ನಿಮಿಷ. ಫ್ರಿಜ್ಜಿನಿಂದ ತೆಗೆದದ್ದಾದರೆ, ಇಲ್ಲವೇ ಗಿರಿರಾಜದಂಥ ದೊಡ್ಡ ಮೊಟ್ಟೆಯಾದರೆ ಹನ್ನೆರಡು. ಮೊದಲ ಎರಡು ಮೂರು ದಿನ ಒಂದು ಮೊಟ್ಟೆಯನ್ನು ಸುಲಿದು ದಾರದಲ್ಲಿ ಅಡ್ಡಕ್ಕೆ ಕುಯ್ದು ನೋಡಿ. ಹಳದಿಯ ನಡುವೆ ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾಗಿ, ಕಡುಬಣ್ಣದ, ಅಂಟಂಟಾಗಿ ಹೊಳೆಯುವ ಭಾಗ ಕಂಡರೆ ಇನ್ನೂ ಎರಡು ನಿಮಿಷ ಬೇಕು. ಹಳದಿ ಪೂರ್ತಿ ಒಂದೇ ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಒತ್ತಿದರೆ ಪುಡಿಪುಡಿಯಾಗಿ ಉದುರಿದರೆ ಬೆಂದಿದೆ. ನಿಮ್ಮ ಒಲೆ, ನಿಮ್ಮ ಪಾತ್ರೆಗೆ ಎಷ್ಟು ನಿಮಿಷ ಎಂಬುದು ಹೀಗೆ ಗೊತ್ತಾಗುತ್ತದೆ, ಆಮೇಲೆ ಕುಯ್ದು ನೋಡುವ ಕೆಲಸವಿಲ್ಲ. ಆಮ್ಲೆಟ್ಟನ್ನು ಮಗುಚಿ ಎರಡೂ ಕಡೆ ಬೇಯಿಸಿ. ಬುರ್ಜಿಯಲ್ಲಿ ನೀರಿನಂಶ ಇಂಗಿರಬೇಕು. ಕುದಿಯುವ ಸಾರಿಗೆ ಮೊಟ್ಟೆ ಒಡೆದು ಬಿಡುವ ರೂಢಿ ನಿಮ್ಮ ಕಡೆ ಇದೆಯಲ್ಲ, ಅದರಲ್ಲಿ ಮೋಸ ಹೋಗುವುದು ಜಾಸ್ತಿ. ಮೇಲೆ ಬಿಳಿ ಗಟ್ಟಿಯಾಗಿರುತ್ತದೆ, ಒಳಗೆ ಹಳದಿ ಹರಿಯುತ್ತಿರುತ್ತದೆ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಬಿಡಿ. ಬುಲ್ಸ್ ಐ, ಹಾಫ್ ಬಾಯಿಲ್, ಹಸಿ ಮೊಟ್ಟೆಯಿಂದ ಮಾಡಿದ ಮಯೊನೀಸ್ ಹೆರಿಗೆಯವರೆಗೆ ಬೇಡ. ಹಸಿ ಮೊಟ್ಟೆಯ ಮಯೊನೀಸನ್ನು ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ನಿಷೇಧಿಸಿದ್ದು ಸುಮ್ಮನೆ ಅಲ್ಲ.

ನಿಮ್ಮಕ್ಕನ ಮಾತಿನಲ್ಲಿ ಅರ್ಧ ಸತ್ಯವಿದೆ. ಫಾರಂ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರುವುದೇ ಇಲ್ಲ ಎಂದು ನಮ್ಮ ದೇಶದಲ್ಲಿ ಯಾರೂ ಬರೆದುಕೊಡಲಾರರು. ಅದನ್ನೂ ಪೂರ್ತಿ ಬೇಯಿಸಲೇಬೇಕು. ಬ್ರಿಟನ್ನಿನಲ್ಲಿ ಬಸುರಿಯರು ಅರೆಬೆಂದ ಮೊಟ್ಟೆ ತಿನ್ನಬಹುದಂತೆ ಎಂದು ಕೆಲವರು ನನಗೆ ಬರೆದಿದ್ದಾರೆ. ನಿಜ, ಅಲ್ಲಿನ ಆಹಾರ ಸುರಕ್ಷಾ ಸಂಸ್ಥೆ 2017ರಲ್ಲಿ ಹಾಗೆ ಹೇಳಿತು. ಆದರೆ ಸಿಂಹದ ಮುದ್ರೆ ಒತ್ತಿದ ಮೊಟ್ಟೆಗೆ ಮಾತ್ರ, ಏಕೆಂದರೆ ಆ ಕೋಳಿಗಳಿಗೆಲ್ಲ ಸಾಲ್ಮೊನೆಲ್ಲಾ ಲಸಿಕೆ ಹಾಕಿರುತ್ತಾರೆ. ಹಿತ್ತಲಲ್ಲಿ ಸಾಕಿದ ಕೋಳಿಯ ಮೊಟ್ಟೆಯನ್ನು ಬಸುರಿಯರು ಗಟ್ಟಿಯಾಗಿ ಬೇಯಿಸಿಯೇ ತಿನ್ನಬೇಕು ಎಂಬುದು ಅಲ್ಲೂ ಹಾಗೆಯೇ ಉಳಿದಿದೆ. ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಮನೆಹಿಂದೆ ಕೋಳಿ ಸಾಕಿಕೊಂಡಿರುವ ನಮ್ಮವರು ಈ ವ್ಯತ್ಯಾಸ ಗಮನಿಸಬೇಕು.

ಇನ್ನು ಔಷಧಿ. ಪಶುವೈದ್ಯೆಯಾಗಿ ನನಗೆ ಇದೇ ದೊಡ್ಡ ಚಿಂತೆ, ಏಕೆಂದರೆ ರೋಗಾಣುವನ್ನು ಬೆಂಕಿ ಕೊಲ್ಲುತ್ತದೆ, ಔಷಧಿಯ ಉಳಿಕೆಯನ್ನು ಬೆಂಕಿ ಪೂರ್ತಿ ತೆಗೆಯುವುದಿಲ್ಲ.

ಇವತ್ತು ಬೆಳಿಗ್ಗೆ ಗೂಡಿನಲ್ಲಿ ಸಿಕ್ಕ ಮೊಟ್ಟೆ ನಿನ್ನೆ ಒಂದೇ ದಿನದಲ್ಲಿ ಆದದ್ದಲ್ಲ. ಬಿಳಿಭಾಗ ಮತ್ತು ಚಿಪ್ಪು ಕಟ್ಟುವುದಕ್ಕೆ ಒಂದು ದಿನ ಸಾಕು, ಆದರೆ ಹಳದಿ ಸುಮಾರು ಹತ್ತು ದಿನ ಮುಂಚಿನಿಂದ ಕೋಳಿಯ ಹೊಟ್ಟೆಯಲ್ಲಿ ಪದರ ಪದರವಾಗಿ ತುಂಬಿಕೊಳ್ಳುತ್ತಾ ಬಂದಿರುತ್ತದೆ. ನೂರು ವರ್ಷಕ್ಕೂ ಹಿಂದೆ ವಿಜ್ಞಾನಿಗಳು ಕೋಳಿಗೆ ಕೊಬ್ಬಿನಲ್ಲಿ ಕರಗುವ ಬಣ್ಣ ತಿನ್ನಿಸಿ, ಆಮೇಲೆ ಅದರ ಮೊಟ್ಟೆ ಬೇಯಿಸಿ ಕುಯ್ದು ನೋಡಿದರು. ಬಣ್ಣ ತಿಂದ ದಿನದ ಪದರ ಹಳದಿಯೊಳಗೆ ಕೆಂಪು ಬಳೆಯ ಹಾಗೆ ಮೂಡಿತ್ತು. ಔಷಧಿಯೂ ಹೀಗೇ. ಕೋಳಿ ಹುಷಾರಾಗಿ, ಔಷಧಿ ನಿಲ್ಲಿಸಿ ವಾರ ಕಳೆದ ಮೇಲೆ ಇಡುವ ಮೊಟ್ಟೆಯ ಹಳದಿಯ ನಡುಭಾಗದಲ್ಲಿ ಔಷಧಿ ಕುಡಿದ ದಿನಗಳ ಪದರ ಇರಬಹುದು. ಬಹಳ ಮನೆಗಳಲ್ಲಿ ಮಾಡುವ ತಪ್ಪು ಇದೇ. ಔಷಧಿ ಕೊಡುವ ಐದು ದಿನ ಮೊಟ್ಟೆ ತಿನ್ನುವುದಿಲ್ಲ, ಆರನೆಯ ದಿನ ಶುರು ಮಾಡುತ್ತಾರೆ.

ಶೀತಕ್ಕೆಂದು ಅಂಗಡಿಯಲ್ಲಿ ಕೊಡುವ ಪುಡಿ ಹೆಚ್ಚಾಗಿ ಟೆಟ್ರಾಸೈಕ್ಲಿನ್ ಜಾತಿಯದಾಗಿರುತ್ತದೆ, ದ್ರವವಾದರೆ ಎನ್ರೋಫ್ಲಾಕ್ಸಾಸಿನ್, ಎರಡೂ ಆಂಟಿಬಯೋಟಿಕ್‌ಗಳೇ. ಟೆಟ್ರಾಸೈಕ್ಲಿನ್ ಮಾತ್ರೆಯನ್ನು ಬಸುರಿಯರಿಗೆ ಕೊಡುವುದಿಲ್ಲ, ಮಗುವಿನ ಹಲ್ಲಿನಲ್ಲಿ ಕಲೆಯಾಗಿ ಉಳಿಯುತ್ತದೆ ಎಂದು. ಎನ್ರೋಫ್ಲಾಕ್ಸಾಸಿನ್ ಅನ್ನು ಜನ ತಿನ್ನುವ ಮೊಟ್ಟೆ ಇಡುವ ಕೋಳಿಗೆ ಕೊಡಲೇಬಾರದು ಎಂದು ಹಲವು ದೇಶಗಳಲ್ಲಿ ನಿಯಮವಿದೆ. ಮೊಟ್ಟೆಯಲ್ಲಿ ಉಳಿಯುವ ಪ್ರಮಾಣ ಒಂದು ಮಾತ್ರೆಯ ಮುಂದೆ ಏನೂ ಅಲ್ಲ, ಅದಕ್ಕೇ ತಿಂದದ್ದರ ಬಗ್ಗೆ ಹೆದರಬೇಡಿ ಎಂದದ್ದು. ಜಂತಿನ ಔಷಧಿಯ ಬಗ್ಗೆಯೂ ಸಮಾಧಾನ ಹೇಳುತ್ತೇನೆ. ಕೋಳಿಗಳಿಗೆ ಸಾಮಾನ್ಯವಾಗಿ ಹಾಕುವ ಔಷಧಿಗಳಲ್ಲಿ ಆಲ್ಬೆಂಡಜೋಲ್ ಒಂದು. ನಿಮ್ಮಂಥ ಬಸುರಿಯರಿಗೇ ನಡುವಿನ ಮೂರು ತಿಂಗಳಲ್ಲಿ ರಕ್ತಹೀನತೆ ತಡೆಯುವ ಸರ್ಕಾರಿ ಕಾರ್ಯಕ್ರಮದಲ್ಲಿ ಅದರ 400 ಮಿಲಿಗ್ರಾಂ ಮಾತ್ರೆ ಕೊಡುತ್ತಾರೆ. ಮೊದಲ ಮೂರು ತಿಂಗಳಲ್ಲಿ ಮಾತ್ರ ಅದು ಬೇಡ.

ಆದರೆ ಮುಂದೆ ಗೊತ್ತಿದ್ದೂ ತಿನ್ನಬೇಕಿಲ್ಲವಲ್ಲ. ಔಷಧಿಯ ಡಬ್ಬಿಯ ಮೇಲೆ ಕೊನೆಯ ಡೋಸಿನ ನಂತರ ಎಷ್ಟು ದಿನ ಮೊಟ್ಟೆ ಬಳಸಬಾರದು ಎಂದು ಬರೆದಿದ್ದರೆ ಅದನ್ನು ಪಾಲಿಸಿ. ಏನೂ ಬರೆದಿಲ್ಲದಿದ್ದರೆ, ಅಂಗಡಿಯವರು ಪೊಟ್ಟಣ ಕಟ್ಟಿ ಕೊಟ್ಟದ್ದಾಗಿದ್ದರೆ, ಬಸುರಿ ಇರುವ ಮನೆಗೆ ನಾನು ಹೇಳುವುದು ನಾಲ್ಕು ವಾರ. ಕಟ್ಟುನಿಟ್ಟು ಹೆಚ್ಚಾಯಿತು ಎಂದು ನಮ್ಮಲ್ಲೇ ಕೆಲವರು ಹೇಳಿಯಾರು, ಆದರೂ ನನ್ನ ಮಾತು ಅದೇ. ನಿಮ್ಮ ಮನೆಯಲ್ಲಿ ಆರು ವಾರ ಕಳೆದಿದೆ, ಆದ್ದರಿಂದ ಈಗಿನ ಮೊಟ್ಟೆ ತಿನ್ನಬಹುದು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೋಳಿಗೆ ಔಷಧಿ ಕೊಟ್ಟ ಕೊನೆಯ ದಿನಕ್ಕೆ ಒಂದು ಸುತ್ತು ಹಾಕಿ, ನಾಲ್ಕು ವಾರ ಮುಂದಕ್ಕೆ ಇನ್ನೊಂದು ಸುತ್ತು ಹಾಕಿಡಿ. ನಡುವಿನ ದಿನಗಳ ಮೊಟ್ಟೆಯನ್ನು ಸಂತೆಗೂ ಕಳಿಸಬೇಡಿ. ನಾಟಿ ಮೊಟ್ಟೆಗೆ ಒಳ್ಳೆಯ ಬೆಲೆ ಇದೆ, ಗುಂಡಿಗೆ ಹಾಕಿ ಮುಚ್ಚಲು ಅತ್ತೆಗೆ ಸಂಕಟವಾಗುತ್ತದೆ, ನನಗೆ ಗೊತ್ತು. ಆದರೆ ಸಂತೆಯಲ್ಲಿ ನಾಟಿ ಮೊಟ್ಟೆ ಹುಡುಕಿಕೊಂಡು ಬರುವವರು ಯಾರು? ಮನೆಯಲ್ಲಿ ಬಸುರಿಯೋ ಬಾಣಂತಿಯೋ ಇರುವವರೇ ಅಲ್ಲವೇ? ಕೋಳಿಗಳ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನು ಮಾತ್ರ ಈ ಔಷಧಿಗಳ ಸಾಲಿಗೆ ಸೇರಿಸಬೇಡಿ. ಅದನ್ನು ತಪ್ಪದೆ ಹಾಕಿಸಿ, ಅದರಿಂದ ಮೊಟ್ಟೆಗೆ ತೊಂದರೆಯಿಲ್ಲ.

ಹೇನಿನ ಔಷಧಿ ಇದಕ್ಕಿಂತ ಕೆಟ್ಟದ್ದು. ಹೊಲಕ್ಕೆ ತಂದ ಕೀಟನಾಶಕದಲ್ಲಿ ಉಳಿದದ್ದನ್ನು ಕೋಳಿಯ ಮೈಗೆ ಸವರುವುದು, ಗೂಡಿಗೆ ಸಿಂಪಡಿಸುವುದು ನಾನು ಕಣ್ಣಾರೆ ಕಂಡದ್ದು. 2017ರಲ್ಲಿ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ ಕೋಳಿಯ ಹೇನು ಉಣ್ಣೆಗೆಂದು ಬಳಸಿದ ಫಿಪ್ರೊನಿಲ್ ಮೊಟ್ಟೆಗೆ ಇಳಿದು, ಲಕ್ಷಾಂತರ ಮೊಟ್ಟೆಗಳನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಿದ್ದರು. ಅದೇ ಫಿಪ್ರೊನಿಲ್ ನಮ್ಮಲ್ಲಿ ಭತ್ತ, ಕಬ್ಬಿನ ಹೊಲಕ್ಕೆ ಸಿಗುತ್ತದೆ. ಕೋಳಿ ಹೊರಳಾಡಲು ಒಣಮಣ್ಣಿಗೆ ಸೌದೆ ಒಲೆಯ ಬೂದಿ ಬೆರೆಸಿ ಒಂದು ಗುಂಡಿ ಮಾಡಿಕೊಡಿ, ಹೇನಿನ ಕಾಟ ಬಹಳಷ್ಟು ಇಳಿಯುತ್ತದೆ.

ಕೋಳಿ ಏನನ್ನು ಕೆದಕಿ ತಿನ್ನುತ್ತದೆ ಎಂಬುದನ್ನೂ ನೋಡಿ. ಹಿತ್ತಲಲ್ಲಿ ಬಿಟ್ಟ ಕೋಳಿ ದಿನಕ್ಕೆ ಹಲವು ಗ್ರಾಂ ಮಣ್ಣು ನುಂಗುತ್ತದೆ. ಗೊಬ್ಬರದ ತಿಪ್ಪೆ ಕೆದಕಿದರೆ ಚಿಂತೆಯಿಲ್ಲ, ಅಲ್ಲಿ ಹುಳು ಹುಪ್ಪಟೆ ಸಿಗುತ್ತದೆ. ಅದೇ ತಿಪ್ಪೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಕವರು, ಹಳೇ ವೈರು ಸುಟ್ಟ ಬೂದಿ ಇದ್ದರೆ ಅದರಲ್ಲಿರುವ ಡೈಆಕ್ಸಿನ್ ಎಂಬ ವಿಷ ಹಳದಿಯ ಕೊಬ್ಬಿನಲ್ಲಿ ಕೂಡಿಕೊಳ್ಳುತ್ತದೆ, ವರ್ಷಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಹಿತ್ತಲಲ್ಲಿ ಪ್ಲಾಸ್ಟಿಕ್ ಸುಡುವುದನ್ನು ಇವತ್ತೇ ನಿಲ್ಲಿಸಿ. ಇನ್ನೊಂದು, ಬಿತ್ತಿ ಉಳಿದ ಮೆಕ್ಕೆಜೋಳ. ಕಂಪನಿಯ ಬೀಜಕ್ಕೆ ಗುಲಾಬಿ ಬಣ್ಣದ ಔಷಧಿ ಲೇಪಿಸಿರುತ್ತಾರಲ್ಲ, ಅದನ್ನು ಒಗೆದು ಒಣಗಿಸಿ ಕೋಳಿಗೆ ಹಾಕುವವರಿದ್ದಾರೆ. ಹಾಗೆ ಲೇಪಿಸುವ ಥೈರಮ್‌ನಂಥ ಶಿಲೀಂಧ್ರನಾಶಕ ಹೊಟ್ಟೆಗೆ ಹೋದ ಕೋಳಿಗಳು ಚಿಪ್ಪೇ ಇಲ್ಲದ, ತೊಗಲಿನಂಥ ಮೆತ್ತನೆ ಮೊಟ್ಟೆ ಇಡುತ್ತವೆ. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಅಂಥ ಐದು ಮೊಟ್ಟೆಗಳನ್ನು ಸೆರಗಿನಲ್ಲಿ ತಂದು ತೋರಿಸಿ, ಯಾರದೋ ದೃಷ್ಟಿ ತಾಗಿದೆ ಅಂದಿದ್ದರು. ಮೂಲೆಯಲ್ಲಿದ್ದ ಬೀಜದ ಚೀಲ ನೋಡಿದ ಮೇಲೆ ಕಾರಣ ಗೊತ್ತಾಯಿತು. ಬೂಷ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿಯೂ ಕೋಳಿಗೆ ಬೇಡ.

ಹೊರದೇಶದ ನಗರಗಳಲ್ಲಿ ಕೋಳಿ ಸಾಕಿರುವ ಕನ್ನಡಿಗರಿಗೆ ಮಣ್ಣಿನ ವಿಷಯ ಇನ್ನೂ ಮುಖ್ಯ. ಸಿಡ್ನಿಯ ಹಳೇ ಬಡಾವಣೆಗಳಲ್ಲಿ ಬಣ್ಣ ಮತ್ತು ಪೆಟ್ರೋಲಿನಿಂದ ಮಣ್ಣಿಗೆ ಸೇರಿದ ಸೀಸ ಮನೆಕೋಳಿಯ ಮೊಟ್ಟೆಯಲ್ಲಿ ಅಂಗಡಿ ಮೊಟ್ಟೆಗಿಂತ ಸರಾಸರಿ ನಲವತ್ತು ಪಟ್ಟು ಕಂಡುಬಂದಿತ್ತು. ಪ್ಯಾರಿಸ್ ಸುತ್ತಲಿನ ಪ್ರದೇಶದಲ್ಲಿ 2023ರಿಂದ, ಇಡೀ ನೆದರ್ಲೆಂಡ್ಸ್‌ನಲ್ಲಿ 2025ರಿಂದ ಹಿತ್ತಲ ಕೋಳಿಯ ಮೊಟ್ಟೆ ತಿನ್ನಬೇಡಿ ಎಂದು ಅಲ್ಲಿನ ಆರೋಗ್ಯ ಸಂಸ್ಥೆಗಳೇ ಹೇಳಿವೆ. ಅಲ್ಲಿರುವ ಬಸುರಿ ಬಾಣಂತಿಯರು ಅಂಗಡಿಯ ಮೊಟ್ಟೆಯನ್ನೇ ತಿನ್ನಿ.

ನಿಮ್ಮ ಗೂಡಿಗೆ ವಾಪಸು ಬರುತ್ತೇನೆ. ಮೊಟ್ಟೆಯನ್ನು ದಿನಕ್ಕೆ ಎರಡು ಸಲ ಆಯ್ದುಕೊಳ್ಳಬೇಕು, ಆಯುವವರು ನೀವಲ್ಲ. ಗೂಡು ಗುಡಿಸುವುದು, ಹಿಕ್ಕೆ ಬಾಚುವುದು ಹೆರಿಗೆಯಾಗಿ ಮಗು ಸ್ವಲ್ಪ ದೊಡ್ಡದಾಗುವವರೆಗೆ ಬೇರೆಯವರ ಕೆಲಸ. ಮೊಟ್ಟೆ ಇಡುವ ಜಾಗಕ್ಕೆ ವಾರಕ್ಕೊಮ್ಮೆ ಹೊಸ ಹುಲ್ಲು ಹಾಕಿದರೆ ಮೊಟ್ಟೆ ಗಲೀಜಾಗುವುದೇ ಕಡಿಮೆ. ಕೊಂಚ ಮಣ್ಣು ಮೆತ್ತಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ, ತಂದ ಕೂಡಲೇ ತಣ್ಣೀರಿನಲ್ಲಿ ತೊಳೆದಿಡಬೇಡಿ. ಚಿಪ್ಪಿನ ಮೇಲೆ ರಂಧ್ರಗಳನ್ನು ಮುಚ್ಚುವ ಮೇಣದಂಥ ತೆಳು ಪೊರೆ ಇದೆ, ತೊಳೆದರೆ ಅದು ಹೋಗುತ್ತದೆ. ಬೆಚ್ಚಗಿನ ಮೊಟ್ಟೆ ತಣ್ಣೀರಿಗೆ ಬಿದ್ದರೆ ಒಳಗಿನದು ಕುಗ್ಗಿ, ಹೊರಗಿನ ಗಲೀಜು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ತೊಳೆಯಬೇಕಿದ್ದರೆ ಬೇಯಿಸುವ ಮುಂಚೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ.

ಬಿರುಕು ಬಿಟ್ಟದ್ದು, ಹಿಕ್ಕೆ ದಪ್ಪಗೆ ಮೆತ್ತಿದ್ದು, ಕಾವಿಗೆ ಕೂತ ಕೋಳಿಯ ಅಡಿಯಿಂದ ತೆಗೆದದ್ದು, ಬಣವೆಯ ಸಂದಿಯಲ್ಲಿ ಅಕಸ್ಮಾತ್ ಸಿಕ್ಕಿದ ಹತ್ತು ಹನ್ನೆರಡು ಮೊಟ್ಟೆಯ ಗುಡ್ಡೆ, ಇವು ಯಾವುವೂ ನಿಮಗೆ ಬೇಡ. ನೀರಿಗೆ ಹಾಕಿ ಮುಳುಗಿತೋ ತೇಲಿತೋ ನೋಡುವುದು ಮೊಟ್ಟೆ ಎಷ್ಟು ಹಳೆಯದು ಎಂದು ತಿಳಿಯಲು ಸರಿ, ರೋಗಾಣು ಇದೆಯೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ. ಒಳ್ಳೆಯ ಮೊಟ್ಟೆಯನ್ನು ಫ್ರಿಜ್ಜಿನಲ್ಲಿಟ್ಟರೆ ಮೂರು ವಾರ, ಹೊರಗೆ ತಂಪು ಜಾಗದಲ್ಲಾದರೆ ಒಂದು ವಾರದೊಳಗೆ ಮುಗಿಸಿ. ಫ್ರಿಜ್ಜಿನಿಂದ ತೆಗೆದದ್ದನ್ನು ಹೊರಗೇ ಬಿಡಬೇಡಿ, ಬೆವರಿ ರಂಧ್ರಗಳು ನೆನೆಯುತ್ತವೆ. ಅಕ್ಕಿ, ರಾಗಿ ಡಬ್ಬಿಯಲ್ಲಿ ಹುದುಗಿಸಿಡುವ ರೂಢಿಯೂ ಬೇಡ.

ಕೋಳಿಗಳು ಇದ್ದಕ್ಕಿದ್ದಂತೆ ಸಾಲಾಗಿ ಸತ್ತರೆ ಸತ್ತದ್ದನ್ನು ನೀವು ಮುಟ್ಟಲೇಬೇಡಿ, ಉಳಿದವುಗಳ ಮೊಟ್ಟೆ ತಿನ್ನಬೇಡಿ, ಪಶು ಆಸ್ಪತ್ರೆಗೆ ಹೇಳಿ ಕಳಿಸಿ. ಹಕ್ಕಿಜ್ವರ 2012ರಲ್ಲಿ ಹೆಸರಘಟ್ಟದಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಬಂದಿತ್ತು. ಬಸುರಿಯರಿಗೆ ಫ್ಲೂ ಜಾತಿಯ ಸೋಂಕು ಬೇರೆಯವರಿಗಿಂತ ಜೋರಾಗಿ ಹಿಡಿಯುತ್ತದೆ.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಎಲ್ಲೋ ತಪ್ಪಿದರೆ? ಮೊಟ್ಟೆ ತಿಂದ ಆರು ಗಂಟೆಯಿಂದ ಮೂರು ದಿನದೊಳಗೆ, ಕೆಲವೊಮ್ಮೆ ಇನ್ನೂ ತಡವಾಗಿ, ಜ್ವರ, ಹೊಟ್ಟೆ ನುಲಿತ, ಭೇದಿ ಶುರುವಾಗುತ್ತದೆ. ಒಆರ್‌ಎಸ್ ನೀರು ಗುಟುಕು ಗುಟುಕಾಗಿ ಕುಡಿಯಲು ಶುರುಮಾಡಿ, ಆ ದಿನವೇ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಅಂಗಡಿಯಿಂದ ಭೇದಿ ನಿಲ್ಲಿಸುವ ಮಾತ್ರೆಯನ್ನಾಗಲಿ 'ಇನ್‌ಫೆಕ್ಷನ್ ಮಾತ್ರೆ'ಯನ್ನಾಗಲಿ ತಂದು ನುಂಗಬೇಡಿ. ಜ್ವರ 101 ದಾಟಿದರೆ, ಭೇದಿಯಲ್ಲಿ ರಕ್ತ ಕಂಡರೆ, ಕುಡಿದ ನೀರು ಉಳಿಯದಿದ್ದರೆ, ಮೂತ್ರ ಕಡಿಮೆಯಾದರೆ, ಹೊಟ್ಟೆ ಬಿಟ್ಟು ಬಿಟ್ಟು ಬಿಗಿದರೆ, ಮಗುವಿನ ಒದೆತ ಕಡಿಮೆ ಅನ್ನಿಸಿದರೆ ರಾತ್ರಿಯಾಗಿದೆ ಎಂದು ಬೆಳಗಿಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಇನ್ನು ಬಾಣಂತನ. ಬೇಯಿಸಿದ ಮೊಟ್ಟೆ ಆಗಲೂ ಬೇಕು, ಮೆಣಸು ಜೀರಿಗೆ ಹಾಕಿ ಹುರಿದುಕೊಟ್ಟರೆ ಇನ್ನೂ ಒಳ್ಳೆಯದು. ತಾಯಿ ತಿಂದ ಮೊಟ್ಟೆಯ ಪ್ರೋಟೀನ್ ತೀರ ಸ್ವಲ್ಪ ಎದೆಹಾಲಿಗೆ ಬರುತ್ತದೆ, ಅದರಿಂದ ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ. ಅಲರ್ಜಿ ಬಂದೀತೆಂದು ಮುಂಜಾಗ್ರತೆಗೆ ಮೊಟ್ಟೆ ಬಿಡಬೇಕಾಗಿಲ್ಲ. ನೀವು ತಿಂದಾಗಲೆಲ್ಲ ಮಗುವಿಗೆ ಮೈಮೇಲೆ ದದ್ದು, ಮಲದಲ್ಲಿ ರಕ್ತ ಕಂಡರೆ ಮಕ್ಕಳ ಡಾಕ್ಟರನ್ನು ಕೇಳಿ. ಕೋಳಿಯ ಔಷಧಿಯ ನಾಲ್ಕು ವಾರದ ನಿಯಮ ಬಾಣಂತಿಗೂ ಅದೇ. ನಿಮಗೆ ಭೇದಿಯಾದರೂ ಹಾಲೂಡಿಸುವುದನ್ನು ನಿಲ್ಲಿಸಬೇಡಿ. ಸಾಲ್ಮೊನೆಲ್ಲಾ ಸಾಮಾನ್ಯವಾಗಿ ಹಾಲಿನಲ್ಲಿ ಹೋಗುವುದಿಲ್ಲ. ಅದು ಹೋಗುವುದು ಕೈಯಿಂದ.

ಬಾಣಂತಿಯ ಮನೆಯಲ್ಲಿ ನಾನು ಮೊಟ್ಟೆಗಿಂತ ಹೆಚ್ಚು ಹೆದರುವುದು ಈ ಕೈಗೇ. ಎಳೆಗೂಸಿಗೆ ಈ ಸೋಂಕು ತಗುಲಿದರೆ ದೊಡ್ಡವರಿಗೆ ಆದಂತೆ ಎರಡು ದಿನದ ಭೇದಿಯಲ್ಲಿ ಮುಗಿಯುವುದಿಲ್ಲ, ರಕ್ತಕ್ಕೆ, ಮೆದುಳಿನ ಪೊರೆಗೆ ಏರಬಹುದು. ಅಜ್ಜಿ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದು, ಮೊಟ್ಟೆ ಆಯ್ದು, ಕೈಯನ್ನು ಸೆರಗಿಗೆ ಒರೆಸಿಕೊಂಡು ನೇರ ಬಂದು ಮಗುವನ್ನು ಎತ್ತಿಕೊಳ್ಳುತ್ತಾರೆ. ಅದೇ ಬೆರಳಿನಿಂದ ಕೆನ್ನೆ ತಟ್ಟಿ, ಬಾಯಿಗೆ ಜೇನು ನೆಕ್ಕಿಸುವುದೂ ಉಂಟು. ವರ್ಷ ತುಂಬುವವರೆಗೆ ಜೇನು ಬೇರೆ ಕಾರಣಕ್ಕೂ ಬೇಡ. ಗೂಡಿನ ಹತ್ತಿರವೇ ಒಂದು ಸೋಪು, ಒಂದು ಚೊಂಬು ನೀರು ಇಟ್ಟುಬಿಡಿ. ಮನೆಯೊಳಗೆ ಬಂದ ಮೇಲೆ ತೊಳೆಯಿರಿ ಎಂದರೆ ಮರೆಯುತ್ತದೆ. ಗೂಡಿನ ಚಪ್ಪಲಿ ಹೊರಗೇ ಇರಲಿ. ನಡುಮನೆಯಲ್ಲಿ ಮಂಕರಿ ಕವುಚಿ ತಾಯಿಕೋಳಿ ಮರಿಗಳನ್ನು ಇಡುವ ಅಭ್ಯಾಸವಿದ್ದರೆ, ಮಗು ನೆಲದ ಮೇಲೆ ಅಂಬೆಗಾಲಿಡುವ ದಿನಗಳೂ ಸೇರಿ ಕನಿಷ್ಠ ಒಂದು ವರ್ಷ ಆ ಮಂಕರಿ ಹಿತ್ತಲಿಗೆ ಹೋಗಬೇಕು. ಹಸಿ ಮೊಟ್ಟೆ ಒಡೆದ ಕೈಯನ್ನೂ, ಆ ಬಟ್ಟಲನ್ನೂ ಸೋಪಿನಲ್ಲಿ ತೊಳೆಯದೆ ಮಗುವಿನ ಒಳಲೆಯನ್ನಾಗಲಿ ಚಮಚವನ್ನಾಗಲಿ ಮುಟ್ಟಬಾರದು.

ಆರು ತಿಂಗಳು ತುಂಬಿ ಮಗುವಿಗೆ ಮೇಲಾಹಾರ ಶುರು ಮಾಡುವಾಗ ನಿಮ್ಮತ್ತೆಯ ಕೋಳಿಯ ಮೊಟ್ಟೆಯನ್ನೇ ಕೊಡಬಹುದು. ಗಟ್ಟಿಯಾಗಿ ಬೇಯಿಸಿ, ನುಣ್ಣಗೆ ಹಿಸುಕಿ, ನಿಮ್ಮ ಹಾಲಿನಲ್ಲೋ ಕಾಯಿಸಿ ಆರಿಸಿದ ನೀರಿನಲ್ಲೋ ಸಡಿಲ ಮಾಡಿ, ಮೊದಲ ದಿನ ಕಾಲು ಚಮಚ ಸಾಕು. ಬೆಳಗಿನ ಹೊತ್ತೇ ಕೊಡಿ, ತುಟಿ ಊದುವುದು, ದದ್ದು ಏಳುವುದು ಏನಾದರೂ ಆದರೆ ಡಾಕ್ಟರು ಸಿಗುವ ಹೊತ್ತಿನಲ್ಲಿ ಗೊತ್ತಾಗುತ್ತದೆ. ಕೊಡುವ ಮುಂಚೆ ಕ್ಯಾಲೆಂಡರಿನ ಸುತ್ತುಗಳನ್ನು ಒಮ್ಮೆ ನೋಡಿಕೊಳ್ಳಿ, ತಾಯಿ.